ನೋಅಟಾಕ್ ನದಿಗೆ ನಕ್ಷೆ ಬರೆಯುವುದು ಹೇಗೆ: ಆರ್ಕ್ಟಿಕ್ ಕಣಿವೆಯೊಂದರ ಏರುತಗ್ಗು ಕಾಗದಕ್ಕೆ ಇಳಿದ ಕಥೆ

ಗೆಳೆಯರ ಗುಂಪೊಂದು ಅಲಾಸ್ಕಾದ ನೋಅಟಾಕ್ ನದಿಯಲ್ಲಿ ದೋಣಿ ಬಿಡಲು ಹೊರಟಿತ್ತು. ‘ನಿನಗೆ ಮ್ಯಾಪ್ ಹುಚ್ಚು ಅಲ್ವಾ, ಒಂದು ಮಾಡಿಕೊಡು’ ಅಂದರು. ಎರಡು ದಿನದ ಕೆಲಸ ಅಂದುಕೊಂಡು ಒಪ್ಪಿದೆ. ಹಿಡಿದದ್ದು ಆರು ವಾರ. ಮೊದಲ ಪ್ರತಿಯಲ್ಲಿ ಮೂರು ದೊಡ್ಡ ತಪ್ಪುಗಳಿದ್ದವು. ಮೂರಕ್ಕೂ ಕಾರಣ ಒಂದೇ: ನಮ್ಮ ಕಡೆಯ ನಕ್ಷೆ ಮಾಡುವ ಅಭ್ಯಾಸವನ್ನು ಹಾಗೇ ಉತ್ತರಕ್ಕೆ ಕೊಂಡೊಯ್ದಿದ್ದೆ. ನೀವು ಆ ಆರು ವಾರ ಕಳೆಯಬೇಕಿಲ್ಲ ಎಂದು ಇದನ್ನು ಬರೆಯುತ್ತಿದ್ದೇನೆ.

ಜಾಗದ ಪರಿಚಯ ಮೊದಲು. ಬ್ರೂಕ್ಸ್ ಪರ್ವತಸಾಲಿನ ಇಗಿಕ್‌ಪಾಕ್ ಶಿಖರದ ಹತ್ತಿರ ನೋಅಟಾಕ್ ಹುಟ್ಟುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 680 ಕಿ.ಮೀ. ಹರಿದು ಕಾಟ್ಜೆಬ್ಯೂ ಪಟ್ಟಣದ ಬಳಿ ಸಮುದ್ರ ಸೇರುತ್ತದೆ. ಇಡೀ ಹರಿವು ಆರ್ಕ್ಟಿಕ್ ವೃತ್ತದ ಮೇಲ್ಗಡೆಯೇ. ಮೇಲಿನ ಭಾಗ ಗೇಟ್ಸ್ ಆಫ್ ದಿ ಆರ್ಕ್ಟಿಕ್ ರಾಷ್ಟ್ರೀಯ ಉದ್ಯಾನದಲ್ಲಿದೆ. ಆಮೇಲಿನ ಬಹುಪಾಲು ನೋಅಟಾಕ್ ರಾಷ್ಟ್ರೀಯ ಸಂರಕ್ಷಿತ ಪ್ರದೇಶದಲ್ಲಿದೆ. ರಸ್ತೆ ಇಲ್ಲ. ಇಷ್ಟು ಉದ್ದದ ದಂಡೆಗೆ ಇರುವುದು ಒಂದೇ ಊರು, ಅದರ ಹೆಸರೂ ನೋಅಟಾಕ್. ಅದು ಇನ್ಯೂಪಿಯಾಟ್ ಜನರ ಊರು. ಹೊರಗಿನವರು ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲಿ ಬಂದು ಯಾವುದಾದರೂ ಸರೋವರದಲ್ಲಿ ಇಳಿಯುತ್ತಾರೆ. ವಿಮಾನ ವಾಪಸ್ ಹೋದ ಮೇಲೆ ಕೈಯಲ್ಲಿ ಉಳಿಯುವುದು ನಕ್ಷೆ ಮಾತ್ರ.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶ, 16 ಜಿಬಿ ಮೆಮೊರಿ ಇರುವ ಕಂಪ್ಯೂಟರ್, ಒಂದಿಷ್ಟು ಡಿಸ್ಕ್ ಜಾಗ, ಜಾಸ್ತಿ ತಾಳ್ಮೆ. ಇಲ್ಲಿ ಹೇಳುವ ದತ್ತಾಂಶವೆಲ್ಲ ಪುಕ್ಕಟೆ ಸಿಗುತ್ತದೆ.

ಹಂತ 1: ಎಷ್ಟು ಜಾಗ, ಯಾವ ಅಳತೆ

ಇಡೀ ನದಿಗೆ ಕೈ ಹಾಕಬೇಡಿ. 1:50,000 ಅಳತೆಯಲ್ಲಿ (ನೆಲದ ಅರ್ಧ ಕಿ.ಮೀ. ಕಾಗದದ ಮೇಲೆ ಒಂದು ಸೆಂ.ಮೀ.) 680 ಕಿ.ಮೀ. ಅಂದರೆ 13.6 ಮೀಟರ್ ಉದ್ದದ ಕಾಗದ. ನಾನು ಆರಿಸಿಕೊಂಡದ್ದು ಇಗಿಕ್‌ಪಾಕ್ ಬುಡದಿಂದ ಮಚರಾಕ್ ಸರೋವರದ ತನಕದ ಮೇಲ್ಭಾಗ. ಹೆಚ್ಚಿನ ದೋಣಿಗರು ಓಡಾಡುವುದೂ ಅಲ್ಲೇ.

ಅಳತೆಗೆ 1:50,000 ಸಾಕು. ನಮ್ಮ ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ ನೋಡಿದವರಿಗೆ ಇದು ಕಣ್ಣಿಗೆ ಒಗ್ಗಿದ ಅಳತೆ. ಒಂದು ಎ3 ಹಾಳೆಯಲ್ಲಿ ಅಂಚು ಬಿಟ್ಟು ಸುಮಾರು 19 ಕಿ.ಮೀ. ಉದ್ದ, 13 ಕಿ.ಮೀ. ಅಗಲದ ನೆಲ ಕೂರುತ್ತದೆ. ನದಿ ಹೋದ ಕಡೆಗೆ ಹಾಳೆಗಳನ್ನು ಒಂದರ ಪಕ್ಕ ಒಂದು ಜೋಡಿಸಿ. ಪಕ್ಕದ ಹಾಳೆಯ 2 ಕಿ.ಮೀ.ಯಾದರೂ ಇದರಲ್ಲೂ ಕಾಣಲಿ. ಗಾಳಿಯಲ್ಲಿ, ಅಲುಗಾಡುವ ದೋಣಿಯಲ್ಲಿ ಹಾಳೆ ಬದಲಿಸುವಾಗ ಈ ಎರಡು ಕಿಲೋಮೀಟರ್ ಬೆಲೆ ಗೊತ್ತಾಗುತ್ತದೆ.

ಹಂತ 2: ಪ್ರೊಜೆಕ್ಷನ್, ಅಂದರೆ ನನ್ನ ಮೊದಲ ತಪ್ಪು

ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವ ವಿಧಾನವೇ ಪ್ರೊಜೆಕ್ಷನ್. ಬೆಂಗಳೂರಿನ ಹತ್ತಿರ ಒಂದು ಡಿಗ್ರಿ ರೇಖಾಂಶ ಅಂದರೆ 108 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ನೋಅಟಾಕ್ ಮೇಲ್ಭಾಗದಲ್ಲಿ ಅದೇ ಒಂದು ಡಿಗ್ರಿ ಸುಮಾರು 42 ಕಿ.ಮೀ. ಮಾತ್ರ. ಭೂಮಿ ಅಲ್ಲಿ ಅಷ್ಟು ಕಿರಿದಾಗಿರುತ್ತದೆ. ಜಾಲತಾಣದ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್ ಇದನ್ನು ಲೆಕ್ಕಿಸದೆ ಎಲ್ಲವನ್ನೂ ಎಳೆದು ಹಿಗ್ಗಿಸುತ್ತದೆ. 67-68 ಡಿಗ್ರಿ ಉತ್ತರದಲ್ಲಿ ಈ ಹಿಗ್ಗು 2.6 ಪಟ್ಟು.

ನಾನು ಉಪಗ್ರಹ ಚಿತ್ರವನ್ನು ಹಿನ್ನೆಲೆಗೆ ಹಾಕಿ ಕೆಲಸ ಶುರು ಮಾಡಿದ್ದೆ. ಪ್ರಾಜೆಕ್ಟ್ ಸುಮ್ನೆ ವೆಬ್ ಮರ್ಕೇಟರಿನಲ್ಲೇ ಉಳಿದಿತ್ತು. ಎತ್ತರದ ದತ್ತಾಂಶವನ್ನೂ ಅದಕ್ಕೇ ಪರಿವರ್ತಿಸಿ ಇಳಿಜಾರು ಲೆಕ್ಕ ಹಾಕಿದೆ. ಅಡ್ಡದೂರ 2.6 ಪಟ್ಟು ಹಿಗ್ಗಿದೆ, ಎತ್ತರ ಹಾಗೇ ಇದೆ. ಹಾಗಾಗಿ 40 ಡಿಗ್ರಿಯ ಕಡಿದಾದ ಇಳಿಜಾರು 18 ಡಿಗ್ರಿಯ ಸಾಧಾರಣ ಗುಡ್ಡದಂತೆ ಬಂತು. ನೋಡಲು ಚೆನ್ನಾಗಿಯೇ ಇತ್ತು. ಅದೇ ಅಪಾಯ. ತಪ್ಪು ನಕ್ಷೆ ವಿಕಾರವಾಗಿ ಕಂಡರೆ ಯಾರೂ ಮೋಸ ಹೋಗುವುದಿಲ್ಲ.

ಹಾಗಾಗಿ ಏನೇ ಮಾಡುವ ಮೊದಲು ಪ್ರಾಜೆಕ್ಟನ್ನು ಯುಟಿಎಂಗೆ ಬದಲಿಸಿ. ಭೂಮಿಯನ್ನು 6 ಡಿಗ್ರಿ ಅಗಲದ ವಲಯಗಳಾಗಿ ಸೀಳಿ, ಪ್ರತಿಯೊಂದಕ್ಕೂ ಅದರದೇ ಪ್ರೊಜೆಕ್ಷನ್ ಕೊಡುವ ಪದ್ಧತಿ ಅದು. ನದಿ ಯುಟಿಎಂನ 5, 4, 3 ಮೂರೂ ವಲಯಗಳನ್ನು ಹಾದು ಹೋಗುತ್ತದೆ. ಮೇಲ್ಭಾಗ 5ನೇ ವಲಯದಲ್ಲಿದೆ (ತಂತ್ರಾಂಶದಲ್ಲಿ ಅದರ ಸಂಕೇತ ಇಪಿಎಸ್‌ಜಿ 32605). ವಲಯದ ಗಡಿಯಾದ 156 ಡಿಗ್ರಿ ರೇಖೆ ಮಚರಾಕ್ ಸರೋವರದ ಆಸುಪಾಸಿನಲ್ಲೇ ಬರುತ್ತದೆ. ಗಡಿಯಿಂದ ಒಂದಿಪ್ಪತ್ತು ಕಿ.ಮೀ. ಆಚೆ ಹೋದರೂ ಅದೇ ವಲಯದಲ್ಲಿ ಮುಂದುವರಿಸಿ. ಮಧ್ಯದಲ್ಲಿ ಗ್ರಿಡ್ ಬದಲಿಸುವ ಗೊಂದಲಕ್ಕಿಂತ ಇದು ವಾಸಿ. ಇಡೀ ನದಿಯ ಒಂದು ಚಿಕ್ಕ ಸೂಚಿ ನಕ್ಷೆ ಬೇಕಿದ್ದರೆ ಅಲಾಸ್ಕಾ ಆಲ್ಬರ್ಸ್ ಎಂಬ ಪ್ರೊಜೆಕ್ಷನ್ (ಇಪಿಎಸ್‌ಜಿ 3338) ಸರಿಹೊಂದುತ್ತದೆ.

ಹಂತ 3: ಎತ್ತರದ ದತ್ತಾಂಶ

ನಮ್ಮಲ್ಲಿ ಎತ್ತರ ಬೇಕೆಂದರೆ ಕೈ ತಾನಾಗಿ ಎಸ್‌ಆರ್‌ಟಿಎಂ ಕಡೆಗೆ ಹೋಗುತ್ತದೆ. 2000ದಲ್ಲಿ ಬಾಹ್ಯಾಕಾಶ ನೌಕೆಯಿಂದ ತೆಗೆದ ಆ ರೇಡಾರ್ ದತ್ತಾಂಶ 60 ಡಿಗ್ರಿ ಉತ್ತರಕ್ಕೆ ನಿಂತುಬಿಡುತ್ತದೆ. ನೋಅಟಾಕ್ ಅದರ ಆಚೆ. ಇಲ್ಲಿ ಎರಡು ದಾರಿ ಇವೆ.

ಒಂದು, ಅಮೆರಿಕದ ಭೂವಿಜ್ಞಾನ ಸಮೀಕ್ಷೆ ಸಂಸ್ಥೆ ಯುಎಸ್‌ಜಿಎಸ್‌ನ 5 ಮೀಟರ್ ದತ್ತಾಂಶ, ಅಂದರೆ 5 ಮೀಟರಿಗೊಂದು ಎತ್ತರದ ಬಿಂದು. 2010ರಿಂದ ಹತ್ತು ವರ್ಷ ವಿಮಾನಗಳಲ್ಲಿ ಇಫ್‌ಸಾರ್ ಎಂಬ ರೇಡಾರ್ ಇಟ್ಟು ಅಲಾಸ್ಕಾವನ್ನು ಅಳೆದರು. ರೇಡಾರಿಗೆ ಮೋಡ ಅಡ್ಡಿಯಲ್ಲ. ನೆಲದ ಎತ್ತರ ಮತ್ತು ಗಿಡಮರ ಸೇರಿದ ಮೇಲ್ಮೈ ಎತ್ತರ, ಎರಡೂ ಬೇರೆ ಬೇರೆ ಸಿಗುತ್ತವೆ. ನಿಮಗೆ ಬೇಕಾದ್ದು ನೆಲದ್ದು. ಕಡಿದಾದ ಬೆಟ್ಟಗಳ ಹಿಂದೆ ಮಾತ್ರ ರೇಡಾರಿನ ನೆರಳು ಬಿದ್ದು ಅಲ್ಲಲ್ಲಿ ಮಸುಕಾಗಿರುತ್ತದೆ.

ಇನ್ನೊಂದು ಆರ್ಕ್ಟಿಕ್‌ಡೆಮ್. ಮಿನೆಸೋಟ ವಿಶ್ವವಿದ್ಯಾಲಯದ ಪೋಲಾರ್ ಜಿಯೋಸ್ಪೇಷಿಯಲ್ ಸೆಂಟರ್ ಕೊಡುವ 2 ಮೀಟರ್ ದತ್ತಾಂಶ. ಎರಡು ಕೋನಗಳಿಂದ ತೆಗೆದ ಉಪಗ್ರಹ ಚಿತ್ರಗಳನ್ನು ಹೋಲಿಸಿ ಇದನ್ನು ಮಾಡುತ್ತಾರೆ. ಸೂಕ್ಷ್ಮತೆ ಜಾಸ್ತಿ, ತೊಂದರೆಯೂ ಜಾಸ್ತಿ. ನೀರಿನ ಮೇಲೆ ಹೋಲಿಸಲು ಗುರುತೇ ಸಿಗುವುದಿಲ್ಲ, ಹಾಗಾಗಿ ನದಿ ಇರುವಲ್ಲಿ ಗುಳಿ ಉಬ್ಬು ಬಿದ್ದಂತಿರುತ್ತದೆ. ಮೋಡ ಇದ್ದಲ್ಲಿ ತೂತು. 50 ಕಿ.ಮೀ. ಚೌಕದ ಒಂದು ತುಂಡಿನಲ್ಲಿ 62.5 ಕೋಟಿ ಬಿಂದುಗಳಿರುತ್ತವೆ. ಕಂಪ್ಯೂಟರ್ ಏದುಸಿರು ಬಿಡುತ್ತದೆ. ಅದರದೇ 10 ಮೀಟರ್ ಆವೃತ್ತಿ ಇದೆ, 1:50,000ಕ್ಕೆ ಅದು ಧಾರಾಳ.

ನನ್ನ ಸಲಹೆ: ಇಫ್‌ಸಾರ್ ಮುಖ್ಯವಾಗಿರಲಿ, ಅದು ಮಸುಕಾದ ಕಡೆ ಮಾತ್ರ ಆರ್ಕ್ಟಿಕ್‌ಡೆಮ್ ತೇಪೆ ಹಾಕಿ. ತೇಪೆ ಹಾಕುವಾಗ ನಾನು ಮಾಡಿದ ಎರಡನೇ ತಪ್ಪು ನೀವು ಮಾಡಬೇಡಿ.

ಎತ್ತರವನ್ನು ಎಲ್ಲಿಂದ ಅಳೆಯುತ್ತೇವೆ ಅನ್ನುವುದು ಎರಡರಲ್ಲೂ ಬೇರೆ. ಆರ್ಕ್ಟಿಕ್‌ಡೆಮ್ ಭೂಮಿಯನ್ನು ನುಣುಪಾದ ಗಣಿತದ ಮೊಟ್ಟೆಯಾಗಿ ನೋಡಿ, ಅದರ ಮೇಲಿನಿಂದ ಅಳೆಯುತ್ತದೆ. ಇಫ್‌ಸಾರ್ ಹೆಚ್ಚುಕಡಿಮೆ ಸಮುದ್ರಮಟ್ಟದಿಂದ ಅಳೆಯುತ್ತದೆ. ಈ ಎರಡರ ನಡುವಿನ ಅಂತರ ಊರಿಂದೂರಿಗೆ ಬದಲಾಗುತ್ತದೆ. ಬೆಂಗಳೂರಿನಲ್ಲಿ ಅದು ಸುಮಾರು 86 ಮೀಟರ್. ಸಮುದ್ರಮಟ್ಟದಿಂದ 920 ಮೀಟರ್ ಎತ್ತರದ ಜಾಗವನ್ನು ಕೆಲವು ಫೋನುಗಳು 834 ಎಂದು ತೋರಿಸುವುದು ಇದಕ್ಕೇ. ಅಲಾಸ್ಕಾದ ಈ ಭಾಗದಲ್ಲಿ ಅಂತರ ಕೆಲವೇ ಮೀಟರ್. ಅದೇ ಕಷ್ಟ. 86 ಮೀಟರ್ ವ್ಯತ್ಯಾಸ ಬಂದರೆ ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಕೆಲವು ಮೀಟರ್ ಬಂದರೆ ಸಮತಟ್ಟು ಕಣಿವೆಯಲ್ಲಿ ಸುಳ್ಳು ಮೆಟ್ಟಿಲೊಂದು ಹುಟ್ಟುತ್ತದೆ. ನಾನು ಅದನ್ನು ನದಿಯ ಹಳೆಯ ದಂಡೆ ಅಂದುಕೊಂಡು ಒಂದು ದಿನ ಸಂಭ್ರಮಪಟ್ಟಿದ್ದೆ! ಅಂಚು ಗೆರೆ ಎಳೆದಷ್ಟು ನೇರವಾಗಿದೆ ಅಂತ ಆಮೇಲೆ ಹೊಳೆಯಿತು.

ಆದ್ದರಿಂದ ಆರ್ಕ್ಟಿಕ್‌ಡೆಮ್‌ನ ಎತ್ತರವನ್ನು ಜಿಯಾಯ್ಡ್ ಫೈಲ್ (ಈ ಅಂತರ ಎಲ್ಲೆಲ್ಲಿ ಎಷ್ಟು ಎಂಬ ದತ್ತಾಂಶ) ಬಳಸಿ ಮೊದಲು ಸಮುದ್ರಮಟ್ಟಕ್ಕೆ ತನ್ನಿ. ಆಮೇಲೆ ಎರಡೂ ಸೇರುವ ಕಡೆ, ಗಿಡವಿಲ್ಲದ ಗಟ್ಟಿ ಬಂಡೆಯ ಮೇಲೆ, ಇಪ್ಪತ್ತು ಮೂವತ್ತು ಬಿಂದುಗಳಲ್ಲಿ ಎತ್ತರ ಹೋಲಿಸಿ. ವ್ಯತ್ಯಾಸ ಎಲ್ಲ ಕಡೆ ಒಂದೇ ಥರ ಉಳಿದರೆ ಅಷ್ಟನ್ನು ಕಳೆದುಬಿಡಿ.

ಹಂತ 4: ಕಾಂಟೂರ್ ಗೆರೆಗಳು

ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ, ಶಾಲೆಯಲ್ಲಿ ಸಮೋನ್ನತ ರೇಖೆ ಅಂತ ಓದಿದ್ದೇ ಇದು. 5 ಮೀಟರ್ ದತ್ತಾಂಶದಿಂದ ನೇರವಾಗಿ ಗೆರೆ ಎಳೆಸಿದರೆ ಹುಳು ಹರಿದಂತೆ ಬರುತ್ತದೆ. ಮೊದಲು ದತ್ತಾಂಶವನ್ನು 10 ಮೀಟರಿಗೆ ಇಳಿಸಿ, ಗಾಸಿಯನ್ ಫಿಲ್ಟರಿನಿಂದ ಸ್ವಲ್ಪ ನಯಗೊಳಿಸಿ. ಆಮೇಲೆ 20 ಮೀಟರ್ ಅಂತರದ ಗೆರೆಗಳು, ಪ್ರತಿ 100 ಮೀಟರಿಗೆ ಒಂದು ದಪ್ಪ ಗೆರೆ. ಕಣಿವೆಯ ತಳದಲ್ಲಿ ಮಾತ್ರ 10 ಮೀಟರಿನ ತುಂಡುಗೆರೆ ಸೇರಿಸಿ. ನಯ ಮಾಡುವುದಿದ್ದರೆ ದತ್ತಾಂಶವನ್ನು ಮಾಡಿ, ಎಳೆದ ಮೇಲೆ ಗೆರೆಗಳನ್ನಲ್ಲ. ಗೆರೆಗಳನ್ನು ನಯ ಮಾಡಿದರೆ ಕಡಿದಾದ ಕಡೆ ಒಂದರ ಮೇಲೊಂದು ಹತ್ತಿಕೊಳ್ಳುತ್ತವೆ.

ಸಣ್ಣ ಸಣ್ಣ ಉಂಗುರಗಳು ನೂರಾರು ಬರುತ್ತವೆ. 100 ಮೀಟರಿಗಿಂತ ಕಿರಿದಾದ ಉಂಗುರ ಈ ಅಳತೆಯಲ್ಲಿ ಎರಡು ಮಿಲಿಮೀಟರ್, ಅಳಿಸಿಬಿಡೋಣ ಅನಿಸುತ್ತದೆ. ಒಂದೇ ಏಟಿಗೆ ಅಳಿಸಬೇಡಿ. ಈ ಕಣಿವೆಯಲ್ಲಿ ಪಿಂಗೋಗಳಿವೆ. ಸದಾ ಹೆಪ್ಪುಗಟ್ಟಿರುವ ನೆಲದೊಳಗೆ ನೀರು ಮಂಜುಗಡ್ಡೆಯಾಗಿ ಉಬ್ಬಿ, ಮೇಲಿನ ಮಣ್ಣನ್ನು ಎತ್ತಿದ ಗುಡ್ಡೆ ಅದು. ಬಯಲಿನಲ್ಲಿ ಒಂಟಿಯಾಗಿ ನಿಂತಿರುತ್ತದೆ, ದೂರದಿಂದ ದಾರಿಗುರುತು ಆಗುತ್ತದೆ. ಮೊದಲ ಪ್ರತಿಯಲ್ಲಿ ಅವು ಒಂದೂ ಉಳಿದಿರಲಿಲ್ಲ. ಪ್ರತಿ ಉಂಗುರವನ್ನೂ ಉಪಗ್ರಹ ಚಿತ್ರದ ಮೇಲಿಟ್ಟು ನೋಡಿ, ಪಿಂಗೋ ಆಗಿದ್ದರೆ ಬೇರೆ ಚಿಹ್ನೆ ಕೊಟ್ಟು ಎತ್ತರ ಬರೆಯಿರಿ.

ಶಿಖರಗಳ ಎತ್ತರವನ್ನು ಹಳೆಯ ನಕ್ಷೆಯಿಂದ ಕಣ್ಮುಚ್ಚಿ ನಕಲು ಮಾಡುವುದೂ ಬೇಡ. 1950ರ ದಶಕದ ನಕ್ಷೆಗಳಲ್ಲಿ ಬ್ರೂಕ್ಸ್ ಸಾಲಿನ ಅತಿ ಎತ್ತರದ ಶಿಖರ ಯಾವುದು ಅನ್ನುವುದರಲ್ಲೇ ಜಗಳವಿತ್ತು. ಒಂದು ಅಳತೆಯ ನಕ್ಷೆ ಚೇಂಬರ್ಲಿನ್ ಅಂದರೆ ಇನ್ನೊಂದು ಇಸ್ಟೋ ಅನ್ನುತ್ತಿತ್ತು. ಮ್ಯಾಟ್ ನೋಲನ್ ಎಂಬ ಹಿಮನದಿ ತಜ್ಞ 2014ರಲ್ಲಿ ಪುಟ್ಟ ವಿಮಾನದಿಂದ ಚಿತ್ರ ತೆಗೆದು ಅಳೆದರು. ಶಿಖರ ಹತ್ತುವ ಕಿಟ್ ಡೆಲಾರಿಯರ್ಸ್ ಜಿಪಿಎಸ್ ಹೊತ್ತು ಮೇಲೆ ಹೋದರು. 2016ರಲ್ಲಿ ಫಲಿತಾಂಶ ಪ್ರಕಟವಾಯಿತು: ಇಸ್ಟೋ ಎತ್ತರ, ಸುಮಾರು 2,736 ಮೀಟರ್.

ಹಂತ 5: ನೀರು

ಇಡೀ ಕೆಲಸದ ಜೀವಾಳ ಇದು. ಬೆಟ್ಟ ನಿಂತಲ್ಲಿ ನಿಂತಿರುತ್ತದೆ, ನೋಅಟಾಕ್ ನಿಲ್ಲುವುದಿಲ್ಲ. ಜಲ್ಲಿಕಲ್ಲಿನ ಹಾಸಿನ ಮೇಲೆ ಜಡೆ ಬಿಚ್ಚಿದ ಹಾಗೆ ಹತ್ತು ಕವಲಾಗಿ ಹರಿಯುತ್ತದೆ. ಒಂದು ಪ್ರವಾಹದಲ್ಲಿ ಮುಖ್ಯ ಕವಲು ಎಡದಿಂದ ಬಲಕ್ಕೆ ಹೋಗಬಹುದು. ಕೆಳಗೆ ಹೆಪ್ಪುಗಟ್ಟಿದ ನೆಲ ಇರುವುದರಿಂದ ಮಳೆನೀರು ಇಂಗುವುದಿಲ್ಲ. ಮಳೆ ಬಂತೆಂದರೆ ನದಿ ದಿಢೀರನೆ ಏರುತ್ತದೆ.

ಸರ್ಕಾರಿ ನಕ್ಷೆಯ ನದಿಯ ಗೆರೆಯನ್ನು ಹಾಗೇ ತಗೊಳ್ಳುವ ಬದಲು ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಚಿತ್ರದಿಂದ ನೀವೇ ತೆಗೆಯಿರಿ. ಜುಲೈ ಕೊನೆ, ಆಗಸ್ಟ್ ಮೊದಲಿನ ಮೋಡವಿಲ್ಲದ ದಿನ ಹುಡುಕಿ. ಉತ್ತರಕ್ಕೆ ಹೋದಷ್ಟೂ ಉಪಗ್ರಹದ ಹಾದಿಗಳು ಒಂದರ ಮೇಲೊಂದು ಬರುವುದರಿಂದ ಚಿತ್ರಗಳು ನಮ್ಮಲ್ಲಿಗಿಂತ ಜಾಸ್ತಿ ಸಿಗುತ್ತವೆ. ಉಪಗ್ರಹ ಒಂದೊಂದು ಬಣ್ಣದ ಬೆಳಕನ್ನು ಒಂದೊಂದು ಪಟ್ಟಿಯಲ್ಲಿ ದಾಖಲಿಸುತ್ತದೆ. ಕ್ಯೂಜಿಐಎಸ್‌ನ ರಾಸ್ಟರ್ ಕ್ಯಾಲ್ಕುಲೇಟರಿನಲ್ಲಿ (ಚಿತ್ರದ ಪ್ರತಿ ಚುಕ್ಕಿಗೂ ಲೆಕ್ಕ ಹಾಕುವ ಸಲಕರಣೆ) ಹಸಿರು ಪಟ್ಟಿಯಿಂದ (ಬಿ3) ಅವಕೆಂಪು ಪಟ್ಟಿಯನ್ನು (ಬಿ8) ಕಳೆದು, ಎರಡರ ಮೊತ್ತದಿಂದ ಭಾಗಿಸಿ. ಉತ್ತರ ಸೊನ್ನೆಗಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ನೀರು. ಸೊನ್ನೆಯ ಆಚೀಚೆ ಸ್ವಲ್ಪ ಸರಿಸಿ ನೋಡಿ, ಸರೋವರದ ದಂಡೆ ಸರಿಯಾಗಿ ಕೂರುವಲ್ಲಿ ನಿಲ್ಲಿಸಿ.

ಬೆಟ್ಟದ ನೆರಳೂ ಈ ಲೆಕ್ಕದಲ್ಲಿ ನೀರಾಗಿ ಬರುತ್ತದೆ. ಸೂರ್ಯ ಅಲ್ಲಿ ಯಾವಾಗಲೂ ಕೆಳಗೇ ಇರುತ್ತಾನೆ, ನೆರಳು ಉದ್ದ. ಇಳಿಜಾರು 10 ಡಿಗ್ರಿ ದಾಟಿದ ಕಡೆ ‘ನೀರು’ ಬಂದರೆ ತೆಗೆದುಹಾಕಿ, ಅರ್ಧ ತಲೆನೋವು ಕಡಿಮೆ.

ನನ್ನ ಮೂರನೇ ತಪ್ಪು ಇಲ್ಲಿಯದು. ಸುಂದರವಾಗಿ ಕಂಡಿತೆಂದು ಜೂನ್ ತಿಂಗಳ ಚಿತ್ರ ಬಳಸಿದ್ದೆ. ಚಳಿಗಾಲದಲ್ಲಿ ನೀರು ಮಂಜುಗಡ್ಡೆಯ ಮೇಲೆ ಉಕ್ಕಿ, ಪದರ ಪದರವಾಗಿ ಹೆಪ್ಪುಗಟ್ಟಿ ದೊಡ್ಡ ಹಾಸಾಗುತ್ತದೆ. ಅದಕ್ಕೆ ಆಫೈಸ್ ಅನ್ನುತ್ತಾರೆ. ಬೇಸಿಗೆ ಬಂದ ಮೇಲೂ ಅದು ವಾರಗಟ್ಟಲೆ ಉಳಿದಿರುತ್ತದೆ. ನನ್ನ ಲೆಕ್ಕ ಅದನ್ನು ಸರೋವರ ಅಂದಿತು. ಇಲ್ಲದ ಸರೋವರವೊಂದನ್ನು ನೀಲಿಯಲ್ಲಿ ತುಂಬಿ, ದೋಣಿ ನಿಲ್ಲಿಸಲು ಒಳ್ಳೆಯ ಜಾಗ ಅಂತ ಬೇರೆ ಬರೆದಿದ್ದೆ. ಒಂದೇ ಬೇಸಿಗೆಯ ಮೂರು ದಿನಾಂಕ ಹೋಲಿಸಿ: ಮೂರರಲ್ಲೂ ನೀರಿದ್ದರೆ ಗಟ್ಟಿ ನೀಲಿ, ಒಂದರಲ್ಲಿ ಮಾತ್ರ ಇದ್ದರೆ ತಿಳಿನೀಲಿ, ಜಲ್ಲಿಯ ಹಾಸಿಗೆ ಚುಕ್ಕಿಗಳು. 10 ಮೀಟರಿಗಿಂತ ಕಿರಿದಾದ ಕವಲು ಈ ಚಿತ್ರದಲ್ಲಿ ಕಾಣುವುದೇ ಇಲ್ಲ ಅನ್ನುವುದೂ ನೆನಪಿರಲಿ.

ದೋಣಿಗರಿಗೆ ನದಿ ಎಷ್ಟು ಕಡಿದಾಗಿ ಇಳಿಯುತ್ತದೆ ಅನ್ನುವುದೂ ಬೇಕು. ನದಿಯ ನಡುಗೆರೆಯ ಮೇಲೆ ಕಿಲೋಮೀಟರಿಗೊಂದು ಬಿಂದು ಇಡಿ. ನೀರಿನ ಮೇಲಿನ ಒಂಟಿ ಅಳತೆಯನ್ನು ನಂಬಬೇಡಿ, ಸುತ್ತ 50 ಮೀಟರಿನ ಬಿಂದುಗಳಲ್ಲಿ ಕೆಳಗಿನವುಗಳ ನಡುಬೆಲೆ ತಗೊಳ್ಳಿ. ಮುಂದಿನ ಬಿಂದು ಹಿಂದಿನದಕ್ಕಿಂತ ಮೇಲೆ ಬಂದರೆ ಅದು ದತ್ತಾಂಶದ ತಪ್ಪು, ಅಷ್ಟೆ. ನದಿ ಬೆಟ್ಟ ಹತ್ತುವುದಿಲ್ಲವಲ್ಲ. ಕಿಲೋಮೀಟರಿಗೆ ಎಷ್ಟು ಮೀಟರ್ ಇಳಿತ ಎಂದು ನದಿಯ ಪಕ್ಕದಲ್ಲೇ ಚಿಕ್ಕದಾಗಿ ಬರೆಯಿರಿ.

ಹಂತ 6: ನೆರಳು, ನೆಲದ ಹೊದಿಕೆ

ಬೆಟ್ಟ ಉಬ್ಬಿ ಕಾಣಲು ನಕ್ಷೆಗೆ ಹಾಕುವ ನೆರಳು ಹಿಲ್‌ಶೇಡ್. ಅದರ ಬೆಳಕು ವಾಯವ್ಯದಿಂದಲೇ (315 ಡಿಗ್ರಿ) ಬರಲಿ. ಆ ದಿಕ್ಕಿನಿಂದ ಅಲ್ಲಿ ಬೇಸಿಗೆಯ ನಡುರಾತ್ರಿ ಹೊತ್ತಿಗೆ ಬಿಟ್ಟರೆ ಬಿಸಿಲು ಬರುವುದಿಲ್ಲ, ಆದರೆ ನಮ್ಮ ಕಣ್ಣಿಗೆ ಅಭ್ಯಾಸ ಅದೇ. ಉಪಗ್ರಹ ಚಿತ್ರದಲ್ಲಿ ಬೆಳಕು ದಕ್ಷಿಣದಿಂದ ಬಿದ್ದಿರುತ್ತದೆ. ಅದನ್ನು ನೋಡುತ್ತಾ ಕೂತರೆ ಕಣಿವೆ ಏಣಿನಂತೆ, ಏಣು ಕಣಿವೆಯಂತೆ ತಿರುಗಿ ಕಾಣುತ್ತದೆ. ಹಾಗಾದರೆ ಚಿತ್ರವನ್ನು ತಲೆಕೆಳಗು ಮಾಡಿ ನೋಡಿ.

ಹೊದಿಕೆಯ ಬಗ್ಗೆ ಒಂದೇ ಮಾತು, ಆದರೆ ಮುಖ್ಯವಾದ ಮಾತು. ಕಾಂಟೂರ್ ಗೆರೆ ವಿರಳವಾಗಿದ್ದರೆ ನಡೆಯಲು ಸಲೀಸು ಅಂತ ಓದುವುದು ನಮ್ಮ ರೂಢಿ. ಟಂಡ್ರಾದಲ್ಲಿ ಉಲ್ಟಾ. ಸಮತಟ್ಟಾದ ಕಡೆಯೇ ಟಸಕ್ ಎಂಬ ಹುಲ್ಲುಗುಪ್ಪೆಗಳು, ನಡುವೆ ನೀರು. ಮೇಲೆ ಕಾಲಿಟ್ಟರೆ ಗುಪ್ಪೆ ವಾಲುತ್ತದೆ, ಪಕ್ಕಕ್ಕಿಟ್ಟರೆ ಪಾದ ಮುಳುಗುತ್ತದೆ. ಗುಡ್ಡದ ಕಲ್ಲುಗಳ ಏಣಿನ ಮೇಲೆ ನಡೆಯುವುದು ಎಷ್ಟೋ ವಾಸಿ. ಆ ಜೌಗು ಬಯಲುಗಳಿಗೆ ಬೇರೆ ಗುರುತು ಹಾಕದಿದ್ದರೆ ನಿಮ್ಮ ನಕ್ಷೆ ಜನರನ್ನು ಅಲ್ಲಿಗೇ ಕಳಿಸುತ್ತದೆ.

ಹಂತ 7: ಹೆಸರುಗಳು

ಯುಎಸ್‌ಜಿಎಸ್‌ನ ಹೆಸರಿನ ಪಟ್ಟಿ ಸಿಗುತ್ತದೆ. ಆದರೆ ಅಲ್ಲಿಯ ಜನ ಇಟ್ಟ ಹೆಸರು ನೆಲದ ವಿವರಣೆಯೇ ಆಗಿರುತ್ತದೆ. ಪಕ್ಕದ ಕೋಬುಕ್ ನದಿಯ ಹೆಸರಿನ ಅರ್ಥವೇ ‘ದೊಡ್ಡ ನದಿ’. ಹಾಗಾಗಿ ಕೋಬುಕ್ ನದಿ ಅನ್ನುವುದು ನಮ್ಮವರ ‘ನಡು ಸೆಂಟರ್’ ಇದ್ದ ಹಾಗೆ. ಗೋರಿ, ಹಳೆಯ ಬಿಡಾರ ಮುಂತಾದ ಜಾಗಗಳು ಗೊತ್ತಾದರೂ ನಕ್ಷೆಯಲ್ಲಿ ತೋರಿಸಬೇಡಿ. ಅಗೆದು ಕದಿಯುವವರಿಗೆ ಅದು ದಾರಿ ತೋರಿಸಿದಂತೆ. ದಂಡೆಯಲ್ಲಿ ಅಲ್ಲಿಯವರ ಖಾಸಗಿ ಜಮೀನುಗಳೂ ಇವೆ. ಅವುಗಳ ಗಡಿ ಹಾಕಿದರೆ ಕೇಳದೆ ಬಿಡಾರ ಹೂಡುವುದು ತಪ್ಪುತ್ತದೆ.

ಹಂತ 8: ಉತ್ತರ ಯಾವುದು

ಮೂರು ಉತ್ತರಗಳಿವೆ: ನಿಜವಾದದ್ದು (ಧ್ರುವದ ಕಡೆ), ಗ್ರಿಡ್‌ನದು (ನಕ್ಷೆಯ ಚೌಕಗೆರೆಗಳ ಮೇಲ್ಗಡೆ), ದಿಕ್ಸೂಚಿಯದು. ನಮ್ಮ ಕಡೆ ಯುಟಿಎಂ ವಲಯದ ಅಂಚಿನಲ್ಲೂ ಮೊದಲೆರಡರ ಅಂತರ ಮುಕ್ಕಾಲು ಡಿಗ್ರಿ ದಾಟುವುದು ಅಪರೂಪ. ಮಚರಾಕ್ ಹತ್ತಿರ ಅದು 2.8 ಡಿಗ್ರಿ. ಒಂದು ಕಿ.ಮೀ. ನಡೆದರೆ ಸುಮಾರು 50 ಮೀಟರ್ ಪಕ್ಕಕ್ಕೆ. ದಿಕ್ಸೂಚಿಯ ವಾಲಿಕೆಯಂತೂ ವರ್ಷ ವರ್ಷ ಬದಲಾಗುತ್ತದೆ. ಹಳೆಯ ಹಾಳೆಯ ಮೂಲೆಯಲ್ಲಿ ಅಚ್ಚಾದ ಸಂಖ್ಯೆಯನ್ನು ಬಳಸಬೇಡಿ. ಅಮೆರಿಕದ ಹವಾಮಾನ-ಸಾಗರ ಸಂಸ್ಥೆ ನೋವಾದ ಜಾಲತಾಣದ ಲೆಕ್ಕಯಂತ್ರದಲ್ಲಿ ಪ್ರಯಾಣದ ದಿನಾಂಕ ಕೊಟ್ಟು ಹೊಸದನ್ನು ತಗೊಳ್ಳಿ. ಮೂರು ಬಾಣಗಳ ಚಿತ್ರ ಪ್ರತಿ ಹಾಳೆಯಲ್ಲೂ ಇರಲಿ.

ಹಂತ 9: ಹಳೆಯದರ ಜೊತೆ ಹೋಲಿಕೆ

ಯುಎಸ್‌ಜಿಎಸ್‌ನ ಹಳೆಯ 1:63,360 ನಕ್ಷೆಗಳ ಸ್ಕ್ಯಾನ್ ಇಳಿಸಿಕೊಳ್ಳಿ. ಒಂದು ಇಂಚಿಗೆ ಒಂದು ಮೈಲಿ ಅನ್ನುವ ಲೆಕ್ಕ. ಅವು ಎನ್‌ಎಡಿ27 ಎಂಬ, ಅಕ್ಷಾಂಶ ರೇಖಾಂಶ ಲೆಕ್ಕ ಹಾಕುವ ಹಳೆಯ ಆಧಾರದ ಮೇಲಿವೆ. ಪರಿವರ್ತಿಸದೆ ಮೇಲಿಟ್ಟರೆ ಎಲ್ಲವೂ ನೂರು ಮೀಟರಿಗೂ ಜಾಸ್ತಿ ಸರಿದಂತೆ ಕಾಣಬಹುದು. ಪರಿವರ್ತಿಸಿದ ಮೇಲೂ ಬೆಟ್ಟ ಸರಿಯಾಗಿ ಕೂತು ನದಿ ಮಾತ್ರ ಸರಿದಿದ್ದರೆ, ಅದು ನಿಜವಾಗಿಯೂ ಸರಿದಿದೆ. ಅಂಥ ಕಡೆ ಮುಂದೆಯೂ ಸರಿಯುತ್ತದೆ ಎಂದುಕೊಂಡು ಗುರುತು ಹಾಕಿ.

ಈ ಹಂತದಲ್ಲಿ ನನಗೆ ಹಳಬರ ಮೇಲೆ ಗೌರವ ಹೆಚ್ಚಿತು. 1911ರಲ್ಲಿ ಯುಎಸ್‌ಜಿಎಸ್‌ನ ಫಿಲಿಪ್ ಸ್ಮಿತ್ ತಂಡ ಕ್ಯಾನೋ ಎಂಬ ಹಗುರ ದೋಣಿಗಳನ್ನು ಹೊತ್ತು ಅಲಟ್ನಾ ನದಿಯ ಕಡೆಯಿಂದ ನೋಅಟಾಕ್‌ಗೆ ದಾಟಿ ಸಮುದ್ರದ ತನಕ ಬಂತು. ಇನ್ನೂ ಪೂರ್ವಕ್ಕೆ, ಕ್ಯಾನಿಂಗ್ ನದಿಯ ಸೀಮೆಯಲ್ಲಿ, ಅರ್ನೆಸ್ಟ್ ಲೆಫಿಂಗ್‌ವೆಲ್ 1906ರಿಂದ 1914ರ ನಡುವೆ ಒಂಬತ್ತು ಬೇಸಿಗೆ, ಆರು ಚಳಿಗಾಲ ಕಳೆದು ನಕ್ಷೆ ಮಾಡಿದರು.

ಹಂತ 10: ಮುದ್ರಣ, ಮತ್ತು ನದಿಯಲ್ಲಿ ಪರೀಕ್ಷೆ

ನೀರು ಹಿಡಿಯದ ಕಾಗದದಲ್ಲಿ ಎರಡು ಪ್ರತಿ ತೆಗೆಸಿ, ಎರಡು ಬೇರೆ ದೋಣಿಗಳಲ್ಲಿಡಿ. ಫೋನಿಗೆ ಜಿಯೋಪಿಡಿಎಫ್ (ನಾವಿರುವ ಜಾಗವನ್ನು ನಕ್ಷೆಯ ಮೇಲೆ ತೋರಿಸಬಲ್ಲ ಪಿಡಿಎಫ್) ಮಾಡಿಕೊಡಿ, ಆದರೆ ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಅಂಚಿನಲ್ಲಿ ಅಳತೆಪಟ್ಟಿ, 1 ಕಿ.ಮೀ. ಗ್ರಿಡ್, ಎತ್ತರದ ದತ್ತಾಂಶ ಯಾವ ವರ್ಷದ್ದು ಅನ್ನುವುದು ಇರಲಿ. ನೀರಿನ ಚಿತ್ರ ಯಾವ ದಿನದ್ದು ಅನ್ನುವುದು ಮಾತ್ರ ದೊಡ್ಡ ಅಕ್ಷರದಲ್ಲಿರಲಿ. ನದಿಯ ಮಟ್ಟಿಗೆ ಹಾಳೆಯ ಮೇಲಿನ ಅತಿ ಮುಖ್ಯ ಮಾಹಿತಿ ಅದೇ.

ಹೋಗುವವರಿಗೆ ಜಿಪಿಎಸ್ ಅಳತೆ ತರಲು ಹೇಳುವುದಾದರೆ ಎತ್ತರದ ಬಗ್ಗೆ ಎಚ್ಚರಿಸಿ. ಜಿಪಿಎಸ್ ಉಪಗ್ರಹಗಳ ಹಾದಿ 55 ಡಿಗ್ರಿ ವಾಲಿದೆ, ಹಾಗಾಗಿ 68 ಡಿಗ್ರಿಯಲ್ಲಿ ಅವು ನೆತ್ತಿಯ ಮೇಲೆ ಬರುವುದೇ ಇಲ್ಲ. ಅಡ್ಡದೂರ ಪರವಾಗಿಲ್ಲ, ಎತ್ತರ ಇನ್ನಷ್ಟು ಸಡಿಲ. ಡ್ರೋನ್ ಒಯ್ಯುವ ಆಸೆ ಬೇಡ, 2014ರಿಂದ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಹಾರಿಸುವಂತಿಲ್ಲ. ಪೆನ್ಸಿಲ್ ಕೊಟ್ಟು ಕಳಿಸಿ. ಪೆನ್ ಚಳಿಗೆ ಬರೆಯುವುದಿಲ್ಲ.

ನನ್ನ ಗೆಳೆಯರು ಆಗಸ್ಟ್ ಕೊನೆಗೆ ವಾಪಸ್ ಬಂದರು. ಹಾಳೆಗಳ ತುಂಬ ಪೆನ್ಸಿಲ್ ಗೀಚು, ಸೊಳ್ಳೆಯ ರಕ್ತದ ಕಲೆ. ನಾಲ್ಕನೇ ಹಾಳೆಯಲ್ಲಿ ನಾನು ಗಟ್ಟಿ ನೀಲಿಯಲ್ಲಿ ಬರೆದಿದ್ದ ಕವಲಿನ ಮೇಲೆ ‘ಒಣಗಿದೆ, ಅರ್ಧ ಗಂಟೆ ದೋಣಿ ಎಳೆದೆವು’ ಎಂದಿತ್ತು. ಪಕ್ಕದಲ್ಲಿ ದಿನಾಂಕವನ್ನೂ ಹಾಕಿದ್ದರು. ಆ ಕವಲು ಈಗ ಎರಡನೇ ಆವೃತ್ತಿಯಲ್ಲಿ ತಿಳಿನೀಲಿ.